ಕರಿಹುಲಿ ಮತ್ತು ಕಾರಣದ ಹಂಬಲ

2021ರ ಪ್ರಬಂಧವೊಂದರ ಪ್ರಕಾರ ಒಡಿಶಾದ ಸಿಮಿಲಿಪಾಲ್ ಕಾಡಿನ ಹುಲಿಗಳಲ್ಲಿ ಸುಮಾರು ಶೇ. 37ರಷ್ಟು ಕರಿಹುಲಿಗಳು. ಪಟ್ಟೆಗಳು ಅಗಲವಾಗಿ ಹರಡಿ, ಒಂದಕ್ಕೊಂದು ಕೂಡಿಕೊಂಡು, ಮೈಯ ಕೇಸರಿಯನ್ನು ನುಂಗಿಬಿಟ್ಟಿವೆ. ಟ್ಯಾಕ್‌ಪೆಪ್ ಎಂಬ ಜೀನ್‌ನಲ್ಲಾದ ಒಂದು ಬದಲಾವಣೆ ಇದಕ್ಕೆ ಕಾರಣವೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿನಯ್ ಸಾಗರ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಆ ಪ್ರಬಂಧದಲ್ಲಿ ತೋರಿಸಿದರು. ಸಿಮಿಲಿಪಾಲ್‌ನ ಹೊರಗೆ ಈ ಬದಲಾವಣೆ ಸಿಕ್ಕಿದ್ದು ಮೃಗಾಲಯಗಳಲ್ಲಿ ಮಾತ್ರ.

ನಾನು ಈ ಪ್ರಬಂಧವನ್ನು ಮೆಚ್ಚುವುದು ಜೀನ್ ಪತ್ತೆಗಿಂತ ಹೆಚ್ಚಾಗಿ ಅದರ ತರ್ಕಕ್ಕಾಗಿ. ಪ್ರಾಣಿಯ ಬಣ್ಣ ಕಂಡೊಡನೆ ಅದರ ಉಪಯೋಗ ಹುಡುಕುವುದು ನಮ್ಮ ಅಭ್ಯಾಸ. ದಟ್ಟ ಕಾಡು, ನೆರಳು, ಮರೆಯಲ್ಲಿ ಬೇಟೆ ಎಂದು ಕಥೆ ತಾನಾಗಿ ಹೆಣೆದುಕೊಳ್ಳುತ್ತದೆ. ಜೀವವಿಕಾಸ ವಿಜ್ಞಾನಿಗಳಾದ ಗೂಲ್ಡ್ ಮತ್ತು ಲೆವೊಂಟಿನ್ 1979ರಲ್ಲೇ ಇದನ್ನು ಕಟುವಾಗಿ ಟೀಕಿಸಿದ್ದರು. ಬೆಂಗಳೂರಿನ ತಂಡ ಪ್ರಶ್ನೆಯನ್ನೇ ತಿರುಗಿಸಿತು: ಉಪಯೋಗವೇ ಇಲ್ಲದಿದ್ದರೂ ಇಷ್ಟು ಕರಿಹುಲಿ ಹುಟ್ಟಬಹುದೇ? ಕೆಲವೇ ಹುಲಿಗಳಿಂದ ಬೆಳೆದ, ಬೇರೆ ಕಾಡುಗಳ ನಂಟು ಕಡಿದ ಗುಂಪಿನಲ್ಲಿ, ಯಾರ ಮರಿ ಉಳಿಯಿತು, ಯಾರದ್ದು ಸತ್ತಿತು ಎಂಬ ಆಕಸ್ಮಿಕವಷ್ಟೇ ಸಾಕು ಎಂದು ಅವರ ಲೆಕ್ಕ ಹೇಳಿತು. ಜೆನೆಟಿಕ್ ಡ್ರಿಫ್ಟ್ ಎಂದರೆ ಇದೇ.

ಆದರೆ 'ಡ್ರಿಫ್ಟ್ ಸಾಕು' ಎಂದಾಕ್ಷಣ 'ನಿಸರ್ಗದ ಆಯ್ಕೆ ಇಲ್ಲ' ಎಂದಾಗುವುದಿಲ್ಲ. ಚಿಕ್ಕ ಗುಂಪಿನಲ್ಲಿ ಸಣ್ಣ ಅನುಕೂಲವಿದ್ದರೂ ಆಕಸ್ಮಿಕದ ಏರಿಳಿತದಲ್ಲಿ ಅದು ಮುಚ್ಚಿಹೋಗುತ್ತದೆ. ಕರಿಹುಲಿಗಳು ಹೆಚ್ಚು ಮರಿಗಳನ್ನು ದೊಡ್ಡದು ಮಾಡುತ್ತವೆಯೇ ಎಂದು ತಲೆಮಾರುಗಟ್ಟಲೆ ಎಣಿಸದೆ ಆಯ್ಕೆಯನ್ನು ಪೂರ್ತಿ ತಳ್ಳಿಹಾಕಲಾಗದು. ಹಾಗಿದ್ದರೂ ನನ್ನ ಒಲವು ಡ್ರಿಫ್ಟ್ ಕಡೆಗೇ. ನಮ್ಮ ಕಬಿನಿಯ ಕರಿಚಿರತೆಯನ್ನು ನೋಡಿ. ಕರಿಚಿರತೆಗಳು ಪಶ್ಚಿಮಘಟ್ಟದಿಂದ ಮಲಯ ಪರ್ಯಾಯದ್ವೀಪದವರೆಗೆ, ತೇವದ ಕಾಡುಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಅಲ್ಲಿ ಆಯ್ಕೆಯನ್ನು ಶಂಕಿಸಲು ಆಧಾರವಿದೆ. ಆದರೆ ಕರಿಹುಲಿಗಳ ಗುಂಪು ಇರುವುದು ಒಂದೇ ಕಾಡಿನಲ್ಲಿ. ನೆರಳೇ ಕಾರಣವಾಗಿದ್ದರೆ ನಾಗರಹೊಳೆಯಲ್ಲಿ ಏಕಿಲ್ಲ?

ಇದು ಬರೀ ತತ್ತ್ವದ ಜಗಳವಲ್ಲ. ಕರಿ ಬಣ್ಣ ಆಯ್ಕೆಯ ಫಲವಾದರೆ ಅದನ್ನು ಕಾಡಿನ ಹೆಮ್ಮೆ ಎನ್ನಬಹುದು. ಡ್ರಿಫ್ಟ್‌ನದಾದರೆ ಅದು ಒಂಟಿತನದ ರೋಗಲಕ್ಷಣ. 2024ರ ಜನವರಿಯಲ್ಲಿ ಒಡಿಶಾ ಸರ್ಕಾರ ಕರಿಹುಲಿ ಸಫಾರಿಯನ್ನು ಘೋಷಿಸಿತು. ಅದೇ ವರ್ಷದ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಹೆಣ್ಣುಹುಲಿಗಳನ್ನು ಸಿಮಿಲಿಪಾಲ್‌ಗೆ ತಂದಿತು. ಪ್ರಬಂಧವನ್ನು ಸರಿಯಾಗಿ ಓದಿದ ಕೆಲಸ ಈ ಎರಡನೆಯದು. ಆ ಜೀನ್ ಬದಲಾವಣೆ ತಾಯಿ-ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕರಿ ಬಣ್ಣ ಮೂಡುವುದರಿಂದ, ತಾಡೋಬಾದ ಹೆಣ್ಣುಗಳು ಕರಿಗಂಡಿನೊಡನೆ ಕೂಡಿದರೂ ಮರಿಗಳು ಕೇಸರಿಯಾಗಿಯೇ ಹುಟ್ಟಬೇಕು.