ಹಬ್ಬದ ದಾನ, ವರ್ಷದ ಹಸಿವು

ಹಬ್ಬ ಬಂತೆಂದರೆ ಕೊಡುವ ಕೈಗಳ ಸಂಖ್ಯೆ ಹೆಚ್ಚುತ್ತದೆ. ಈ ಮಾತಿಗೆ ಯಾವ ಧರ್ಮದವರೂ ಹೊರತಲ್ಲ. ಬೆಂಗಳೂರಿನ ಪಶ್ಚಿಮ ಭಾಗವನ್ನೇ ತೆಗೆದುಕೊಳ್ಳಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಗಣೇಶೋತ್ಸವದ ಅನ್ನಸಂತರ್ಪಣೆ, ರಾಜ್ಯೋತ್ಸವದ ದಿನ ರೋಗಿಗಳಿಗೆ ಹಣ್ಣು-ಬ್ರೆಡ್ಡು, ಡಿಸೆಂಬರಿನಲ್ಲಿ ಕ್ರಿಸ್ಮಸ್ ಕೊಡುಗೆ. ಮೈಸೂರು ರಸ್ತೆಯ ಆಚೀಚೆ ರಮಝಾನಿನ ಪಡಿತರ ಕಿಟ್ಟುಗಳು. ಕೆಂಗೇರಿಯ ಕಡೆಗಿನ ವೃದ್ಧಾಶ್ರಮಗಳಲ್ಲಿ ಹುಟ್ಟುಹಬ್ಬದ ಊಟ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಒಳ್ಳೆಯ ಕೆಲಸವೆಂಬ ಕಾರಣಕ್ಕೆ ಅದನ್ನು ವಿಮರ್ಶೆಯಿಂದ ಹೊರಗಿಡಬೇಕಿಲ್ಲ. ಕೊಟ್ಟವರ ಫೋಟೋ ಫ್ಲೆಕ್ಸಿನಲ್ಲಿ ರಾರಾಜಿಸುತ್ತದೆ. ಪಡೆದವರ ಮುಖ ಅದೇ ಚಿತ್ರದ ಮೂಲೆಯಲ್ಲಿ ತಗ್ಗಿರುತ್ತದೆ. ಇಲ್ಲಿ ಯಾರು ಯಾರಿಗೆ ಕೃತಜ್ಞರಾಗಬೇಕಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ಕೃತಜ್ಞ ಎಂದರೆ ತನಗಾಗಿ ಮಾಡಿದ್ದನ್ನು ಅರಿತವನು. ಅರಬಿಯ 'ಶುಕ್ರ್' ಕೂಡ ಬರೀ ಬಾಯಿಮಾತಿನ ಉಪಚಾರವಲ್ಲ. ಕುರ್‌ಆನ್ ಅದರ ಎದುರಿಗೆ ಇಡುವ ಪದ 'ಕುಫ್ರ್', ಅಂದರೆ ಪಡೆದದ್ದನ್ನು ಮುಚ್ಚಿಡುವುದು, ನಿರಾಕರಿಸುವುದು. ಹಾಗೆ ನೋಡಿದರೆ ದಾನವೆಂಬುದು ಕೊಡುವವನು ಸಲ್ಲಿಸುವ ಕೃತಜ್ಞತೆ. ಪಡೆಯುವವನಿಂದ ವಸೂಲು ಮಾಡುವ ಕೃತಜ್ಞತೆಯಲ್ಲ. ಬಡವನಿಗೆ, ಅನಾಥನಿಗೆ, ಸೆರೆಯಾಳಿಗೆ ಉಣಿಸಿದವರು ಅವರಿಂದ ಪ್ರತಿಫಲವನ್ನಾಗಲಿ ಧನ್ಯವಾದವನ್ನಾಗಲಿ ಬಯಸುವುದಿಲ್ಲವೆಂದು 'ಅದ್ದಹ್ರ್' ಅಧ್ಯಾಯ ಸಜ್ಜನರ ಲಕ್ಷಣವನ್ನು ವಿವರಿಸುತ್ತದೆ. ನಮ್ಮ ಹಬ್ಬದ ವೇದಿಕೆಗಳು ಇದನ್ನು ತಲೆಕೆಳಗು ಮಾಡಿವೆ.

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಲ್ಲ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನು ನೆನಪಿಸಿಕೊಳ್ಳಿ. ಬಾಯಿಮಾತಿನಲ್ಲಿ ಅದು 'ಬೆಗ್ಗರ್ಸ್ ಕಾಲೊನಿ'. 2010ರ ಆಗಸ್ಟ್ ತಿಂಗಳಲ್ಲಿ ಅಲ್ಲಿ ಕೆಲವೇ ದಿನಗಳೊಳಗೆ ಒಬ್ಬರ ಹಿಂದೊಬ್ಬರಂತೆ ನಿವಾಸಿಗಳು ಸತ್ತರು. ರಾಜ್ಯವೇ ಬೆಚ್ಚಿಬಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಆಗ ಶ್ರಾವಣವೂ ನಡೆಯುತ್ತಿತ್ತು, ರಮಝಾನೂ ಆರಂಭವಾಗಿತ್ತು. ಒಂದೆಡೆ ವರಮಹಾಲಕ್ಷ್ಮಿಯ ಸಡಗರ, ಇನ್ನೊಂದೆಡೆ ಇಫ್ತಾರಿನ ಸಾಲು. ವರ್ಷದಲ್ಲೇ ಅತಿ ಹೆಚ್ಚು ದಾನ ನಡೆಯುವ ದಿನಗಳು ಅವು. ಬಸವೇಶ್ವರನಗರದಿಂದಲೂ ವಿಜಯನಗರದಿಂದಲೂ ಹೆಚ್ಚೇನೂ ದೂರವಿಲ್ಲದ ಒಂದು ಆವರಣದೊಳಗೆ ಜನ ಸಾಯುತ್ತಿದ್ದರೂ ನಮ್ಮ ಔದಾರ್ಯಕ್ಕೆ ಅದು ಕಾಣಿಸಲಿಲ್ಲ. ಅದು ಕಂಡದ್ದು ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ.

ವಿಪರ್ಯಾಸವೆಂದರೆ, ಆ ಕೇಂದ್ರದ ಖರ್ಚಿಗೆ ನಾವೆಲ್ಲರೂ ಹಣ ಕೊಡುತ್ತಲೇ ಇದ್ದೇವೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಸೆಸ್ ಸೇರುತ್ತದೆ. ಮನೆ ಕಂದಾಯದ ರಶೀದಿಯಲ್ಲಿ ಅದಕ್ಕೊಂದು ಸಾಲೇ ಇದೆ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸದೆ ಬಾಕಿ ಉಳಿಸಿಕೊಂಡ ದೂರು ಬಿಬಿಎಂಪಿ ಕಾಲದಲ್ಲಿ ಮತ್ತೆ ಮತ್ತೆ ಕೇಳಿಬಂತು. ಹಬ್ಬದ ದಿನ ಸಾವಿರ ರೂಪಾಯಿಯ ಹಣ್ಣು ಹಂಚಿ ಸಂತೃಪ್ತರಾಗುವ ನಾವು, ನಮ್ಮಿಂದಲೇ ಬಡವರ ಹೆಸರಿನಲ್ಲಿ ಪಡೆದ ಹಣ ಎಲ್ಲಿ ಹೋಯಿತೆಂದು ಕೇಳಿದ್ದು ಕಡಿಮೆ. ಆ ಲೆಕ್ಕ ಕೇಳುವುದೂ ಒಂದು ದಾನವೇ. ಆದರೆ ಅದಕ್ಕೆ ಹಾರ-ಶಾಲು ಸಿಗುವುದಿಲ್ಲ.

ಅದೇ ರಸ್ತೆಯಲ್ಲಿ ಸುಮನಹಳ್ಳಿಯಿದೆ. ಇಂದು ಆ ಹೆಸರು ಹೇಳಿದರೆ ಹೊರವರ್ತುಲ ರಸ್ತೆಯ ಮೇಲ್ಸೇತುವೆ ಮತ್ತು ವಾಹನ ದಟ್ಟಣೆ ನೆನಪಾಗುತ್ತವೆ. ವಾಸ್ತವದಲ್ಲಿ ಅದು 1970ರ ದಶಕದಲ್ಲಿ ಕ್ರೈಸ್ತ ಸಮುದಾಯದ ಸೇವಾಭಾವಿಗಳು ಕುಷ್ಠರೋಗಿಗಳ ಪುನರ್ವಸತಿಗಾಗಿ ಕಟ್ಟಿದ ಸಂಸ್ಥೆಯ ಹೆಸರು. ರೋಗ ಗುಣವಾದ ಮೇಲೂ ಮನೆಯವರು ಸೇರಿಸಿಕೊಳ್ಳದ ಜನರಿಗೆ ಅಲ್ಲಿ ಚಿಕಿತ್ಸೆಯ ಜೊತೆಗೆ ಕೆಲಸ ಕಲಿಸಲಾಯಿತು. ಕೆಲಸ ಕಲಿತವನು ಮುಂದಿನ ಹಬ್ಬಕ್ಕೆ ನಮ್ಮ ಕಿಟ್ಟಿಗಾಗಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಇಂತಹ ಕೆಲಸ ಒಂದು ದಿನದಲ್ಲಿ ಮುಗಿಯುವುದೂ ಇಲ್ಲ, ಫೋಟೋದಲ್ಲಿ ಹಿಡಿಸುವುದೂ ಇಲ್ಲ. ಮೇಲ್ಸೇತುವೆಯ ಮೇಲೆ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿ ಅದರ ಹೆಸರಿನ ಮೂಲವನ್ನು ಬಲ್ಲರು?

ಇತರರ ಮಾತು ಹಾಗಿರಲಿ, ಮುಸ್ಲಿಮರಾದ ನಾವು ನಮ್ಮನ್ನೇ ನೋಡಿಕೊಳ್ಳಬೇಕು. ಝಕಾತ್ ಕಡ್ಡಾಯವಾಗುವುದು ನಿಗದಿತ ಮಿತಿಗೆ ಮೀರಿದ ಸಂಪತ್ತಿಗೆ ಒಂದು ಚಾಂದ್ರಮಾನ ವರ್ಷ ತುಂಬಿದಾಗ. ರಮಝಾನ್ ಬಂದಾಗ ಅಲ್ಲ. ಹೆಚ್ಚು ಪುಣ್ಯದ ಆಸೆಯಿಂದ ನಾವು ಎಲ್ಲವನ್ನೂ ಆ ಒಂದು ತಿಂಗಳಿಗೆ ತಳ್ಳಿದ್ದೇವೆ. ಪರಿಣಾಮವಾಗಿ ರಮಝಾನಿನಲ್ಲಿ ಒಂದೇ ಮನೆಗೆ ನಾಲ್ಕು ಕಡೆಯ ಅಕ್ಕಿ ಬರುತ್ತದೆ. ಶಾಲಾ ಶುಲ್ಕ ಕಟ್ಟುವ ತಿಂಗಳಲ್ಲಿ ಅದೇ ಮನೆಯ ತಾಯಿ ಬಡ್ಡಿಗೆ ಸಾಲ ತರುತ್ತಾಳೆ. ಫಿತ್ರ್ ಝಕಾತಿಗೆ ಈದ್ ನಮಾಝಿಗೆ ಮುಂಚೆ ಎಂಬ ಸಮಯವನ್ನು ಗೊತ್ತುಪಡಿಸಿರುವುದರಲ್ಲಿ ಅರ್ಥವಿದೆ: ಹಬ್ಬದ ದಿನ ಯಾರೂ ಹಸಿದಿರಬಾರದು. ಅಂದರೆ ಹಬ್ಬದ ಹಸಿವಿಗೆ ಒಂದು ವ್ಯವಸ್ಥೆ, ವರ್ಷದ ಬಡತನಕ್ಕೆ ಇನ್ನೊಂದು ವ್ಯವಸ್ಥೆ. ನಾವು ಎರಡನ್ನೂ ಬೆರೆಸಿ ಎರಡನೆಯದನ್ನು ಕಳೆದುಕೊಂಡಿದ್ದೇವೆ. ಝಕಾತಿನ ಎಂಟು ಬಾಬತ್ತುಗಳಲ್ಲಿ ಸಾಲಗಾರರೂ ಇದ್ದಾರೆ. ಆದರೆ ಸಾಲ ತೀರಿಸಿಕೊಟ್ಟದ್ದಕ್ಕೆ ಬ್ಯಾನರ್ ಕಟ್ಟಲಾಗದು. ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದಾಗ ಅವರು ಒಂದು ತಿಂಗಳ ಔದಾರ್ಯವನ್ನು ನಂಬಿ ಕೂತಿದ್ದರೆ ಅದು ಇಷ್ಟು ದೂರ ಬರುತ್ತಿರಲಿಲ್ಲ.

ವರ್ಷವಿಡೀ ಕೊಡುವವರೂ ವಿಮರ್ಶೆಗೆ ಅತೀತರಲ್ಲ. ರಾಜಾಜಿನಗರದ ಹರೇಕೃಷ್ಣ ಗುಡ್ಡದ ಇಸ್ಕಾನಿನಿಂದ 2000ದಲ್ಲಿ ಹೊರಟ ಅಕ್ಷಯಪಾತ್ರ ಯೋಜನೆ 5 ಸರಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಆರಂಭವಾಯಿತು. ಹಬ್ಬಕ್ಕೆ ಕಾಯದೆ ಶಾಲೆಯ ದಿನವೆಲ್ಲ ಉಣಿಸುವ ಅದರ ಶಿಸ್ತು ಮೆಚ್ಚತಕ್ಕದ್ದು. ಆದರೆ 2018-19ರಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಆ ಊಟದ ಬಗ್ಗೆ ಕರ್ನಾಟಕದಲ್ಲಿ ಎದ್ದ ಚರ್ಚೆಯೂ ನ್ಯಾಯವಾದದ್ದೇ. ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಆದೇಶಿಸಿದೆ. ಅದು ಮಕ್ಕಳ ಹಕ್ಕು. ಹಕ್ಕಿನ ತಟ್ಟೆಯಲ್ಲಿ ಬಡಿಸುವವರ ವ್ರತಕ್ಕಿಂತ ಉಣ್ಣುವವರ ರುಚಿಗೂ ರೂಢಿಗೂ ಹೆಚ್ಚು ಬೆಲೆಯಿರಬೇಕು. ಈ ಮಾತು ನಮಗೂ ಅನ್ವಯಿಸುತ್ತದೆ. ಉಳ್ಳವರ ಸಂಪತ್ತಿನಲ್ಲಿ ಇಲ್ಲದವರಿಗೆ ಪಾಲಿದೆ ಎಂದು ಕುರ್‌ಆನ್ ಹೇಳುವಾಗ ಬಳಸುವ ಪದವೂ 'ಹಕ್ಕ್' ಎಂಬುದೇ. ತನ್ನ ಪಾಲನ್ನು ಪಡೆದವನು ತಲೆ ತಗ್ಗಿಸಬೇಕೇಕೆ? ರಾಜಾಜಿನಗರದ ಇಎಸ್ಐ ಆಸ್ಪತ್ರೆಗೆ ಹೋಗುವ ಕಾರ್ಮಿಕನನ್ನು ನೋಡಿ. ತನ್ನ ಸಂಬಳದಿಂದಲೂ ವಂತಿಗೆ ಸಂದಿದೆ ಎಂಬುದು ಅವನಿಗೆ ಗೊತ್ತು. ಆದುದರಿಂದ ಅಲ್ಲಿನ ಕುಂದುಕೊರತೆಯನ್ನು ಅವನು ಗಟ್ಟಿಯಾಗಿ ಪ್ರಶ್ನಿಸಬಲ್ಲ. ದಾನ ಪಡೆದವನಿಗೆ ಆ ದನಿ ಇರುವುದಿಲ್ಲ.

ಹಬ್ಬವೂ ಬೇಡ, ಪ್ರಚಾರವೂ ಬೇಡವೆಂದರೆ ಜನ ಕೊಡುವುದನ್ನೇ ನಿಲ್ಲಿಸುತ್ತಾರೆ ಎಂಬ ವಾದವಿದೆ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಹಿರಂಗವಾಗಿ ಕೊಡುವುದನ್ನು ಇಸ್ಲಾಮ್ ಕೂಡ ನಿಷೇಧಿಸಿಲ್ಲ. ಗುಟ್ಟಾಗಿ ಕೊಡುವುದು ಹೆಚ್ಚು ಉತ್ತಮವೆಂದಿದೆ. 2009ರಲ್ಲಿ 'ಜಾಯ್ ಆಫ್ ಗಿವಿಂಗ್ ವೀಕ್' ಎಂದು ಆರಂಭವಾಗಿ ಈಗ ಅಕ್ಟೋಬರ್ 2ರಿಂದ 8ರವರೆಗೆ ನಡೆಯುವ 'ದಾನ್ ಉತ್ಸವ'ವಾಗಲಿ, 2012ರಲ್ಲಿ ಅಮೆರಿಕದಲ್ಲಿ ಥ್ಯಾಂಕ್ಸ್ ಗಿವಿಂಗ್ ಹಬ್ಬದ ಬೆನ್ನಿಗೆ ಆರಂಭವಾದ 'ಗಿವಿಂಗ್ ಟ್ಯೂಸ್‌ಡೇ' ಆಗಲಿ ಹೊಸಬರನ್ನು ದಾನದ ಕಡೆಗೆ ಕರೆತಂದಿವೆ. ತಕರಾರು ಇರುವುದು ಹಬ್ಬದ ಬಗ್ಗೆ ಅಲ್ಲ, ಹಬ್ಬದೊಂದಿಗೆ ಮುಗಿದುಹೋಗುವ ಹೊಣೆಯ ಬಗ್ಗೆ. ಪ್ರಚಾರ ಬೇಕಿದ್ದರೆ ಸಂಸ್ಥೆಯ ಲೆಕ್ಕಪತ್ರದ ಫೋಟೋ ಹಾಕಲಿ, ವಿಧವೆಯ ಮುಖದ್ದಲ್ಲ.

ಬಸವಣ್ಣನವರ ಹೆಸರು ಹೊತ್ತ ಬಡಾವಣೆಯಲ್ಲಿ ದಾಸೋಹದ ಅರ್ಥವನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹದಲ್ಲಿ ಅವನೇ ದಾಸ. ಅವನು ಕೊಡುವುದು ಕಾಯಕದಿಂದ ಬಂದದ್ದನ್ನು. ಝಕಾತ್ ಎಂಬ ಪದದ ಅರ್ಥ ಶುದ್ಧೀಕರಣ, ಬೆಳವಣಿಗೆ. ಅಲ್ಲಿಯೂ ಶುದ್ಧವಾಗಬೇಕಾದದ್ದು ಕೊಡುವವನ ಸೊತ್ತು. ಈ ಎರಡು ಪರಂಪರೆಗಳು ಒಂದೇ ಬೀದಿಯಲ್ಲಿ ಬದುಕುತ್ತಿವೆ. ಆದುದರಿಂದ ಈ ಬಾರಿಯ ಹಬ್ಬದ ಖರ್ಚನ್ನು ಹನ್ನೆರಡು ಪಾಲು ಮಾಡಿ ಹತ್ತಿರದ ಒಂದು ಸಂಸ್ಥೆಗೆ ತಿಂಗಳು ತಿಂಗಳು ತಲುಪಿಸಲು ಸಾಧ್ಯವೇ ಎಂದು ಯೋಚಿಸೋಣ. ಏನು ಬೇಕೆಂದು ಮೊದಲು ಅಲ್ಲಿರುವವರನ್ನೇ ಕೇಳೋಣ. ಬಹುಶಃ ಅವರು ಕೇಳುವುದು ಲಾಡು ಆಗಿರಲಿಕ್ಕಿಲ್ಲ. ಮಾತ್ರೆ, ಹೊದಿಕೆ ಅಥವಾ ಮಾತಾಡಲು ಒಂದು ಜೊತೆ ಆಗಿರಬಹುದು. ಅದನ್ನು ಕೊಟ್ಟು, ಅವರಿಂದ ಧನ್ಯವಾದಕ್ಕೆ ಕಾಯದೆ ಹಿಂದಿರುಗಿ ಬಂದರೆ ನಮ್ಮ ಶುಕ್ರ್ ಸಂದಂತೆ.