ಕೊಹಾ ಗ್ರಂಥಾಲಯ ತಂತ್ರಾಂಶ: ಒಂದು ವಿಮರ್ಶೆ

ಗ್ರಂಥಸೂಚಿಯು ಮಾಡಬೇಕಾದ ಕೆಲಸಗಳು ಎರಡೇ. ಇರುವ ಪುಸ್ತಕವನ್ನು ಇದೆಯೆನ್ನುವುದು ಒಂದು; ಇಲ್ಲದ ಪುಸ್ತಕವನ್ನು ಇಲ್ಲವೆನ್ನುವುದು ಮತ್ತೊಂದು. ಇಲ್ಲದ್ದನ್ನು ಇದೆಯೆಂದು ಸೂಚಿಯು ಹೇಳಿದರೆ ಓದುಗನು ಕಪಾಟಿನವರೆಗೆ ನಡೆದು ಆ ತಪ್ಪನ್ನು ತಾನೇ ಕಂಡುಕೊಳ್ಳುತ್ತಾನೆ. ಇರುವುದನ್ನು ಇಲ್ಲವೆಂದರೆ ಆತ ನಂಬಿ ಹಿಂದಿರುಗುತ್ತಾನೆ. ಪುಸ್ತಕವು ಧೂಳು ಹಿಡಿದು ಅಲ್ಲಿಯೇ ಇರುತ್ತದೆ; ತಪ್ಪು ಯಾರ ಗಮನಕ್ಕೂ ಬಾರದು. ಓದುಗ ಬಂಧುಗಳೇ, ಇಂದು ನಮ್ಮ ಅನೇಕ ಕಾಲೇಜುಗಳ ಗ್ರಂಥಾಲಯಗಳಲ್ಲಿ ನೆಲೆಸಿರುವ ‘ಕೊಹಾ’ ತಂತ್ರಾಂಶವನ್ನು ಈ ಒಂದು ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಅದರ ಹುಟ್ಟನ್ನು ತಿಳಿಯುವುದು ಉಚಿತ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯ ನ್ಯಾಸವು ಬಳಸುತ್ತಿದ್ದ ಹಳೆಯ ವ್ಯವಸ್ಥೆಯು 2000ನೆಯ ಇಸವಿಯ ದಿನಾಂಕಗಳನ್ನು ತಾಳಲಾರದೆಂಬ ಆತಂಕ ಎದುರಾದಾಗ, ಆ ನ್ಯಾಸವು 1999ರಲ್ಲಿ ಕಟಿಪೊ ಎಂಬ ಸಂಸ್ಥೆಯಿಂದ ಹೊಸದೊಂದನ್ನು ಬರೆಯಿಸಿತು. 2000ದ ಜನವರಿಯಲ್ಲಿ ಅದು ಬಳಕೆಗೆ ಬಂದಿತು. ತನ್ನ ಹಣದಿಂದ ಮಾಡಿಸಿದ್ದನ್ನು ನ್ಯಾಸವು ಬಚ್ಚಿಡಲಿಲ್ಲ. ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ನೀಡಿತು. ಕೊಹಾ ಎಂಬುದು ಮಾವೊರಿ ಭಾಷೆಯ ಮಾತು. ಉಡುಗೊರೆ ಎಂಬುದು ಅದರ ಅರ್ಥ. ಆದರೆ ಮಾವೊರಿ ಜನರ ನಡಾವಳಿಯಲ್ಲಿ ಕೊಹಾ ಪಡೆದವನಿಗೆ ಮರಳಿ ಸಲ್ಲಿಸುವ ಹೊಣೆಯೂ ಉಂಟು. ಉಡುಗೊರೆಯನ್ನು ನಾವು ಸ್ವೀಕರಿಸಿದೆವು; ಹೊಣೆಯನ್ನು ಮರೆತಿದ್ದೇವೆ ಎಂಬುದೇ ನಮ್ಮ ಆಕ್ಷೇಪ.

ಇದರ ರಚನೆಯನ್ನು ಸ್ಥೂಲವಾಗಿ ಹೇಳುವುದಾದರೆ, ಪುಸ್ತಕಗಳ ಹಾಗೂ ಸದಸ್ಯರ ವಿವರಗಳೆಲ್ಲ ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಎಂಬ ಡೇಟಾಬೇಸಿನಲ್ಲಿರುತ್ತವೆ. ಹುಡುಕಾಟಕ್ಕೆ ಮಾತ್ರ ಜೀಬ್ರಾ ಎಂಬ ಬೇರೊಂದು ಯಂತ್ರಾಂಗವಿದೆ. ಇತ್ತೀಚೆಗೆ ಅದರ ಬದಲು ಇಲಾಸ್ಟಿಕ್‌ಸರ್ಚ್ ಅನ್ನೂ ಬಳಸಬಹುದು. ದೊಡ್ಡ ಗ್ರಂಥದ ಕೊನೆಯಲ್ಲಿ ಪದಸೂಚಿಯಿರುವಂತೆ ಇದು. ಗ್ರಂಥ ಬೇರೆ, ಪದಸೂಚಿ ಬೇರೆ. ಗ್ರಂಥಕ್ಕೆ ಹೊಸ ಪುಟ ಸೇರಿದಾಗಲೆಲ್ಲ ಸೂಚಿಯನ್ನೂ ತಿದ್ದಬೇಕು. ಆ ತಿದ್ದುವ ಕಾರ್ಯಕ್ರಮವು ಯಾವುದೋ ಕಾರಣದಿಂದ ನಿಂತುಹೋದರೆ ಏನಾದೀತು? ಹೊಸ ಪುಸ್ತಕಗಳು ಡೇಟಾಬೇಸಿಗೆ ಸೇರುತ್ತಲೇ ಇರುತ್ತವೆ. ಬಾರ್‌ಕೋಡ್ ಒತ್ತಿ ಪುಸ್ತಕ ಕೊಡುವ, ಪಡೆಯುವ ಕೆಲಸವೂ ನಿರಾತಂಕವಾಗಿ ಸಾಗುತ್ತದೆ. ಸಿಬ್ಬಂದಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಹುಡುಕಲು ಬಂದ ವಿದ್ಯಾರ್ಥಿಗೆ ಮಾತ್ರ ‘ಇಲ್ಲ’ ಎಂಬ ಉತ್ತರ ದೊರೆಯುತ್ತದೆ.

ಕನ್ನಡದ ವಿಷಯದಲ್ಲಿ ಈ ‘ಇಲ್ಲ’ ಇನ್ನೂ ಸುಲಭವಾಗಿ ಹುಟ್ಟುತ್ತದೆ. ಜೀಬ್ರಾಕ್ಕೆ ಪದಗಳನ್ನು ಬಿಡಿಸುವ ಎರಡು ಕ್ರಮಗಳುಂಟು. ಹಳೆಯದು ರೋಮನ್ ಲಿಪಿಗೆ ಒಗ್ಗಿದ್ದು. ಐಸಿಯು ಎಂಬ ಇನ್ನೊಂದು ಯೂನಿಕೋಡಿನ ಲಿಪಿಗಳನ್ನು ಬಲ್ಲುದು. ಕನ್ನಡಕ್ಕೆ ಎರಡನೆಯದನ್ನೇ ಆರಿಸಬೇಕು. ಆರಿಸಿದ ಬಳಿಕ ಸೂಚಿಯನ್ನು ಮೊದಲಿನಿಂದ ಪೂರ್ತಿಯಾಗಿ ಕಟ್ಟಬೇಕು. ಇಷ್ಟಾದರೂ ತೊಡಕು ತೀರದು. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ. ಒಂದೇ ರೂಪಕ್ಕೆ ತಾರದಿದ್ದರೆ ಯಂತ್ರಕ್ಕೆ ಬೇರೆ ಬೇರೆ. ‘ಊರು’ ಎಂದು ಹುಡುಕಿದವನಿಗೆ ‘ಊರಿನ’ ಎಂಬ ಶೀರ್ಷಿಕೆ ಸಿಗದು. ಪದದ ಕೊನೆಯನ್ನು ಸಡಿಲಬಿಡುವ ಸೌಲಭ್ಯವು ಕೊಹಾದಲ್ಲಿದ್ದರೂ ‘ರು’ವು ‘ರಿ’ಯಾದ ಕಡೆ ಅದು ನಿರುಪಯೋಗಿ. ‘ವಚನಸಾಹಿತ್ಯ’ ಎಂದು ಕೂಡಿಸಿ ಬರೆದಿದ್ದರೆ ‘ಸಾಹಿತ್ಯ’ ಎಂದು ಅರಸುವವನ ಗತಿಯೂ ಅದೇ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ದಾಖಲಾದ ಶೀರ್ಷಿಕೆಗಳನ್ನು ಪರಿವರ್ತಿಸದೆ ಸೇರಿಸಿದರೆ ಯಂತ್ರವು ಅವನ್ನು ಕನ್ನಡವೆಂದೇ ಗುರುತಿಸದು.

ಇವೆಲ್ಲ ಕೊಹಾದ ದೋಷಗಳೆಂದು ನಾವು ಹೇಳುವುದಿಲ್ಲ. ಕನ್ನಡದ ವಿಭಕ್ತಿ, ಸಂಧಿ, ಸಮಾಸಗಳನ್ನು ನ್ಯೂಜಿಲೆಂಡಿನವರು ಅರಿತಿರಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ತಂತ್ರಾಂಶವು ಮುಕ್ತವಾಗಿದೆ, ತಿದ್ದುವ ಬಾಗಿಲು ತೆರೆದಿದೆ. ಒಂದೇ ಶೀರ್ಷಿಕೆಯನ್ನು ಕನ್ನಡದಲ್ಲಿಯೂ ರೋಮನ್ ಲಿಪಿಯಲ್ಲಿಯೂ ಜೋಡಿಯಾಗಿ ದಾಖಲಿಸಲು ಮಾರ್ಕ್ ಪದ್ಧತಿಯಲ್ಲಿ 880 ಎಂಬ ಕ್ಷೇತ್ರವನ್ನೇ ಮೀಸಲಿಟ್ಟಿದ್ದಾರೆ. ಬಳಸುವ ಶ್ರಮ ನಮ್ಮದಾಗಬೇಕು.

ಇನ್ನು ಪಾಲನೆಯ ಮಾತು. ಕೊಹಾವನ್ನು ಡೆಬಿಯನ್ ಸರ್ವರಿನಲ್ಲಿ ಸ್ಥಾಪಿಸುವುದು ಬಲ್ಲವರಿಗೆ ಒಂದು ದಿನದ ಕೆಲಸ. ಅಂದು ದೀಪ ಬೆಳಗಿ, ಭಾಷಣ ಮಾಡಿ, ಭಾವಚಿತ್ರ ತೆಗೆಸಿಕೊಳ್ಳುತ್ತೇವೆ. ಮರುದಿನದಿಂದ ಆರಂಭವಾಗುವ ಕೆಲಸಕ್ಕೆ ಸಮಾರಂಭವಿಲ್ಲ. ವರ್ಷಕ್ಕೆ ಎರಡು ಬಾರಿ, ಮೇ ಮತ್ತು ನವೆಂಬರ್ ತಿಂಗಳುಗಳಲ್ಲಿ, ಹೊಸ ಆವೃತ್ತಿ ಬರುತ್ತದೆ. ನಡುವೆ ಭದ್ರತೆಯ ತಿದ್ದುಪಡಿಗಳೂ ಬರುತ್ತವೆ. ಅವನ್ನು ಅಳವಡಿಸದೆ ವರ್ಷಗಟ್ಟಲೆ ಬಿಟ್ಟ ಸರ್ವರು ಬೀಗವಿಲ್ಲದ ಬಾಗಿಲಿನಂತೆ. ಡೆಬಿಯನ್ ಪ್ಯಾಕೇಜು ಪ್ರತಿದಿನವೂ ಡೇಟಾಬೇಸಿನ ಬ್ಯಾಕಪ್ ತೆಗೆದಿಡುವುದು ನಿಜ. ಆದರೆ ಬೇರೆ ಏರ್ಪಾಡು ಮಾಡದಿದ್ದರೆ ಅದನ್ನು ಇಡುವುದು ಅದೇ ಯಂತ್ರದಲ್ಲಿ. ಡಿಸ್ಕ್ ಕೆಟ್ಟರೆ ಮೂಲವೂ ಪ್ರತಿಯೂ ಒಟ್ಟಿಗೇ ಹೋಗುತ್ತವೆ. ಬೇರೆ ಊರಿನಲ್ಲಿ ಒಂದು ಪ್ರತಿ ಇರಬೇಕು. ಆ ಪ್ರತಿಯಿಂದ ವ್ಯವಸ್ಥೆಯನ್ನು ಮತ್ತೆ ಎಬ್ಬಿಸಲು ಸಾಧ್ಯವೇ ಎಂದು ಪರೀಕ್ಷಿಸಿಯೂ ನೋಡಿರಬೇಕು. ಪರೀಕ್ಷಿಸದ ಬ್ಯಾಕಪ್ ಬರಿಯ ನಂಬಿಕೆಯೇ ಹೊರತು ರಕ್ಷಣೆಯಲ್ಲ.

ಇಷ್ಟೆಲ್ಲ ತೊಂದರೆಯೇಕೆ, ಹಣ ಕೊಟ್ಟು ಹೊರಗಿನ ಕಂಪನಿಗೆ ಒಪ್ಪಿಸಿದರಾಯಿತಲ್ಲವೇ ಎಂದು ತಾವು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ನೋಡಿಕೊಳ್ಳುವವರು ಇಲ್ಲದ ಕಡೆ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮ ದಾಖಲೆಗಳ ಪೂರ್ಣಪ್ರತಿ ಮಾರ್ಕ್ ರೂಪದಲ್ಲಿ ಕಾಲಕಾಲಕ್ಕೆ ನಮ್ಮ ಕೈ ಸೇರಬೇಕೆಂಬ ಕರಾರು ಇರಲೇಬೇಕು. ತನ್ನ ಸರ್ವರನ್ನು ತಾನೇ ಇಟ್ಟುಕೊಂಡ ಸಂಸ್ಥೆಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಸ್ಥಾಪಿಸಿದ ತರುಣನು ಬೇರೆ ಉದ್ಯೋಗಕ್ಕೆ ಹೋದಾಗ ಪಾಸ್‌ವರ್ಡ್ ಅವನೊಡನೆ ಹೋಗಬಾರದು. ಏನನ್ನು ಎಲ್ಲಿ ಇಟ್ಟಿದೆ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದು, ಇಬ್ಬರಿಗಾದರೂ ಕಲಿಸಿಡಬೇಕು.

ಒಟ್ಟಿನಲ್ಲಿ, ಕೊಹಾ ಶ್ಲಾಘ್ಯವಾದ ಕೃತಿ. ಬಡ ಗ್ರಂಥಾಲಯವೂ ಪರರ ಹಂಗಿಲ್ಲದೆ ತನ್ನ ಸೂಚಿಯನ್ನು ತಾನೇ ನಡೆಸಬಹುದೆಂದು ಅದು ತೋರಿಸಿಕೊಟ್ಟಿದೆ. ಅದನ್ನು ಬಳಸುವ ನಮ್ಮ ರೀತಿ ಮಾತ್ರ ಶ್ಲಾಘ್ಯವಾಗಿಲ್ಲ. ತಮ್ಮಲ್ಲಿ ಅನೇಕರು ಇಂತಹ ಸಂಸ್ಥೆಗಳಲ್ಲಿ ಓದಿದವರು. ಕೆಲವರು ಈಗ ಅವುಗಳ ಆಡಳಿತದಲ್ಲಿಯೂ ಇರುವಿರಿ. ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ಕಪಾಟಿನಿಂದ ಇಪ್ಪತ್ತು ಕನ್ನಡ ಪುಸ್ತಕಗಳನ್ನು ತೆಗೆದು, ಅವುಗಳ ಹೆಸರುಗಳನ್ನು ಗಣಕದಲ್ಲಿ ಹುಡುಕಿ ನೋಡಿರಿ. ಎಷ್ಟು ಸಲ ‘ಇಲ್ಲ’ ಎಂದಿತೋ ಅಷ್ಟು ಪುಸ್ತಕಗಳು ಅಲ್ಲಿಯೇ ಇದ್ದೂ ಓದುಗರಿಗೆ ಇಲ್ಲವಾಗಿವೆ. ಆ ಲೆಕ್ಕವನ್ನು ಗ್ರಂಥಪಾಲಕರ ಮುಂದಿಡಿರಿ. ಅವರಿಗೆ ಬೇಕಾದ ನೆರವನ್ನು ಆಡಳಿತದಿಂದ ಕೊಡಿಸಿರಿ. ಪಡೆದ ಉಡುಗೊರೆಗೆ ನಾವು ಸಲ್ಲಿಸಬೇಕಾದ ಋಣ ಇದೇ.