ಹೆಸರು ಉಳಿಯಿತು, ಭಾಷೆ ಹೋಯಿತು

ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ‘ವಿಬಿ’ ಎಂದರೆ ಸಾಕಿತ್ತು. ಫಾರಂ ಮೇಲೆ ಒಂದು ಬಟನ್ ಎಳೆದು ಹಾಕಿ, ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿ, ನಾಲ್ಕು ಸಾಲು ಬರೆದರೆ ಪ್ರೋಗ್ರಾಂ ಓಡುತ್ತಿತ್ತು. ಬಿ.ಕಾಂ. ಓದಿದವರೂ ಅಕ್ಕಿ ಗಿರಣಿಗೋ ಮೆಡಿಕಲ್ ಅಂಗಡಿಗೋ ಬಿಲ್ಲಿಂಗ್ ಮಾಡಿಕೊಟ್ಟು ನಾಲ್ಕು ಕಾಸು ಕಂಡರು. 1991ರಲ್ಲಿ ಹುಟ್ಟಿ 1998ರಲ್ಲಿ ಆರನೇ ಆವೃತ್ತಿಗೆ ಬಂದಿದ್ದ ವಿಷುವಲ್ ಬೇಸಿಕ್‌ಗೆ ಅದು ಏರುಗಾಲ. ಮೈಕ್ರೋಸಾಫ್ಟ್ ಅದಕ್ಕೆ ಮಂಗಳ ಹಾಡಿದ್ದೂ ಆಗಲೇ. ಮುಪ್ಪು ಹಿಡಿದದ್ದನ್ನಷ್ಟೇ ಕಂಪನಿಗಳು ಕೈಬಿಡುತ್ತವೆ ಎಂಬ ಮಾತನ್ನು ನಾನು ನಂಬದಿರುವುದು ಇದಕ್ಕೇ.

ಕಾರಣ ವಿಬಿಯೊಳಗಿನ ದೋಷಗಳಲ್ಲಿ ಅಷ್ಟಾಗಿ ಇರಲಿಲ್ಲ, ಜಾವಾದಲ್ಲಿತ್ತು. ಸನ್ ಕಂಪನಿಯ ಆ ಭಾಷೆ ವಿಂಡೋಸ್‌ನ ಹಂಗಿಲ್ಲದೆ ಎಲ್ಲೆಡೆ ಓಡುತ್ತೇನೆ ಎನ್ನುತ್ತಿತ್ತು. ಮೈಕ್ರೋಸಾಫ್ಟ್ ಅದನ್ನು ತನಗೆ ಬೇಕಾದಂತೆ ತಿದ್ದಲು ಹೋಗಿದ್ದಕ್ಕೆ 1997ರಲ್ಲಿ ಸನ್ ಮೊಕದ್ದಮೆ ಹೂಡಿತು. 2001ರಲ್ಲಿ ರಾಜಿಯಾಯಿತು. ಅಷ್ಟರೊಳಗೆ ಮೈಕ್ರೋಸಾಫ್ಟ್ ತನ್ನದೇ ಬೇರೆ ನೆಲ ಹದ ಮಾಡಿಕೊಂಡಿತ್ತು, ಅದೇ ಡಾಟ್ ನೆಟ್. ಎಲ್ಲ ಭಾಷೆಗಳೂ ಆ ಒಂದೇ ನೆಲದ ಮೇಲೆ ನಿಲ್ಲಬೇಕು ಎಂದಾಗ ವಿಬಿಯ ಕೈಕಾಲು ಕತ್ತರಿಸಿ ಅಳತೆಗೆ ತರಲಾಯಿತು.

ಕತ್ತರಿಸಿದ್ದು ಎಷ್ಟು? ಹಳೆಯ ವಿಬಿಯಲ್ಲಿ ‘ಇಂಟಿಜರ್’ ಎಂದರೆ 16 ಬಿಟ್, ಹೊಸದರಲ್ಲಿ 32. ಅರೇಯ ಎಣಿಕೆಯನ್ನು ಒಂದರಿಂದಲೋ ಹತ್ತರಿಂದಲೋ ಶುರುಮಾಡುವ ಸ್ವಾತಂತ್ರ್ಯ ಹೋಗಿ ಸೊನ್ನೆಯೇ ಕಡ್ಡಾಯವಾಯಿತು. ಕಂಟ್ರೋಲ್ ಅರೇ, ವೇರಿಯಂಟ್ ಎರಡೂ ಮಾಯ. ವಸ್ತುವೊಂದರ ಕೆಲಸ ಮುಗಿದ ಗಳಿಗೆಯಲ್ಲೇ ಮೆಮೊರಿ ಬಿಡುಗಡೆಯಾಗುತ್ತದೆಂದು ನಂಬಿ ಬರೆದಿದ್ದ ಪ್ರೋಗ್ರಾಮುಗಳು ಈಗ ‘ಗಾರ್ಬೇಜ್ ಕಲೆಕ್ಟರ್’ ಎಂಬ ಕಸ ಗುಡಿಸುವವನ ಬಿಡುವಿಗೆ ಕಾಯಬೇಕಾಯಿತು. ಹಳೆಯ ಕೋಡನ್ನು ಹೊಸದಕ್ಕೆ ತರಲು ಕೊಟ್ಟ ವಿಝಾರ್ಡ್ ತನಗೆ ಬಗೆಹರಿಯದ ಸಾಲುಗಳ ಮೇಲೆ ಟಿಪ್ಪಣಿ ಬರೆದಿಟ್ಟು ಕೈತೊಳೆದುಕೊಳ್ಳುತ್ತಿತ್ತು. ಇದು ವಿಬಿಯೇ ಅಲ್ಲ ಎಂದು ಸಿಟ್ಟಾದವರು ಅದಕ್ಕೆ ‘ವಿಷುವಲ್ ಫ್ರೆಡ್’ ಎಂದು ಅಡ್ಡಹೆಸರಿಟ್ಟರು. ಅವರ ಸಿಟ್ಟು ನ್ಯಾಯವಾದದ್ದು. ಹಳೆಯದನ್ನು ನಿಲ್ಲಿಸಿದ್ದನ್ನಾದರೂ ಕ್ಷಮಿಸಬಹುದಿತ್ತು. ಬೇರೆಯೇ ಭಾಷೆಯೊಂದಕ್ಕೆ ಅದೇ ಹೆಸರಿಟ್ಟು ‘ಮುಂದಿನ ಆವೃತ್ತಿ’ ಎಂದು ಮಾರಿದ್ದು ಮೋಸ.

2005ರ ಮಾರ್ಚ್‌ನಲ್ಲಿ, ಸ್ವತಃ ಮೈಕ್ರೋಸಾಫ್ಟ್‌ನಿಂದ ಗೌರವ ಪಡೆದಿದ್ದ ಪರಿಣತರೇ ಹಳೆಯ ವಿಬಿಯನ್ನು ಮುಂದುವರಿಸಿ ಎಂದು ಮನವಿಗೆ ಸಹಿ ಹಾಕಿದರು. ಕಂಪನಿ ಜಗ್ಗಲಿಲ್ಲ. ಸಾಮಾನ್ಯ ಬೆಂಬಲ ಅದೇ ತಿಂಗಳ ಕೊನೆಗೆ ಮುಗಿಯಿತು, ಉಳಿದದ್ದು 2008ರ ಏಪ್ರಿಲ್‌ನಲ್ಲಿ.

ಇದೇ ಕಂಪನಿ ಸಿ ಪ್ಲಸ್ ಪ್ಲಸ್ ಅನ್ನು ಹೀಗೆ ಮುರಿಯಲಿಲ್ಲ. ವಿಂಡೋಸ್, ಆಫೀಸ್ ಎರಡೂ ಬಹುಪಾಲು ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲೇ ಬರೆದವು. ಅದನ್ನು ಮುರಿದರೆ ತನ್ನ ಮನೆಯ ಗೋಡೆಯೇ ಬಿರುಕು ಬಿಡುತ್ತದೆ. ಎಕ್ಸೆಲ್‌ನೊಳಗಿನ ವಿಬಿಎ ವಿಬಿ 6ರ ಒಡಹುಟ್ಟು. ಅದು ಇವತ್ತಿಗೂ ಬದುಕಿದೆ, ಏಕೆಂದರೆ ಲೆಕ್ಕಪತ್ರ ವಿಭಾಗಗಳ ಮ್ಯಾಕ್ರೋ ನಿಂತರೆ ಆಫೀಸ್ ಮಾರಾಟಕ್ಕೇ ಪೆಟ್ಟು. ವಿಬಿ 6ರಲ್ಲಿ ಬರೆದದ್ದು ಮಾತ್ರ ಪರರ ಸೊತ್ತು. ಮತ್ತೆ ಬರೆಸುವ ಖರ್ಚು ಗಿರಣಿ ಮಾಲೀಕನದು, ಬ್ಯಾಂಕಿನದು. ಆ ಖರ್ಚಿನ ಒಂದು ಪಾಲು ಬೆಂಗಳೂರಿನ ಕಂಪನಿಗಳಿಗೆ ‘ಮೈಗ್ರೇಷನ್’ ಕೆಲಸವಾಗಿ ಬಂತು ಎನ್ನುವುದನ್ನೂ ಮರೆಯುವಂತಿಲ್ಲ. ಡೇಟಾಬೇಸ್ ತಂತ್ರಾಂಶವಾದ ಫಾಕ್ಸ್‌ಪ್ರೊ ಕಥೆಯೂ ಹೆಚ್ಚುಕಡಿಮೆ ಇದೇ: 1992ರಲ್ಲಿ ಕೊಂಡದ್ದು, 2007ರಲ್ಲಿ ಇನ್ನು ಹೊಸ ಆವೃತ್ತಿಯಿಲ್ಲ ಎಂದದ್ದು. ಪಕ್ಕದಲ್ಲೇ ಎಸ್‌ಕ್ಯೂಎಲ್ ಸರ್ವರ್ ಮಾರಬೇಕಿದ್ದ ಅಂಗಡಿಗೆ ಫಾಕ್ಸ್‌ಪ್ರೊ ಬಿಸಿತುಪ್ಪವಾಗಿತ್ತು.

ಇಷ್ಟೆಲ್ಲ ಹೇಳಿದರೂ ವಿಬಿ 6ಕ್ಕಾಗಿ ಕಣ್ಣೀರಿಡಲು ಕನ್ನಡಿಗನಾದ ನನಗೆ ಮನಸ್ಸು ಬರುವುದಿಲ್ಲ. ಅದರ ಟೆಕ್ಸ್ಟ್ ಬಾಕ್ಸಿಗೆ ಯೂನಿಕೋಡ್ ಕನ್ನಡ ಅಂಟಿಸಿದರೆ ಕಾಣುತ್ತಿದ್ದದ್ದು ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಒಳಗೆ ಅಕ್ಷರಗಳನ್ನು ಯೂನಿಕೋಡಿನಲ್ಲೇ ಇಟ್ಟುಕೊಳ್ಳುತ್ತಿದ್ದರೂ ತೆರೆಗೆ ತರುವಾಗ ಅದು ಹಳೆಯ ಆನ್ಸಿ ಪಟ್ಟಿಗೆ ಇಳಿಯುತ್ತಿತ್ತು. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಿಂದ ನಾವು ದಿನ ದೂಡಿದೆವು. ಹಾಗೆ ತುಂಬಿದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೋದವರಿಗೆ ಅದರ ಕಷ್ಟ ಗೊತ್ತು. ಡಾಟ್ ನೆಟ್‌ನಲ್ಲಿ ಈ ತಾಪತ್ರಯವಿರಲಿಲ್ಲ. ಕಂಪನಿ ತನ್ನ ಸ್ವಾರ್ಥಕ್ಕೆ ಕೆಡವಿದ ಗೋಡೆಯಿಂದ ನಮ್ಮ ಅಕ್ಷರಕ್ಕೂ ಒಂದಿಷ್ಟು ದಾರಿಯಾಯಿತು.

ಆದರೆ ಕೆಡವಿದವರು ಕಲ್ಲನ್ನಾದರೂ ಬಿಟ್ಟುಕೊಡಲಿಲ್ಲ. ಮೂಲ ಕೋಡನ್ನು ಬಹಿರಂಗಗೊಳಿಸಿ, ನಾವೇ ನಡೆಸಿಕೊಳ್ಳುತ್ತೇವೆ ಎಂಬ ಬೇಡಿಕೆಗೂ ನಿರಾಕರಣೆಯೇ ಸಿಕ್ಕಿತು. ವಿಬಿ 6ರ ಪ್ರೋಗ್ರಾಮನ್ನು ಓಡಿಸುವ ಕಡತ ಮಾತ್ರ ವಿಂಡೋಸ್ 11ರಲ್ಲೂ ಇದೆ. ಗಿರಣಿಯ ಬಿಲ್ಲು ಇಂದೂ ಮುದ್ರಣವಾಗುತ್ತದೆ. ಅದರಲ್ಲಿ ತೆರಿಗೆಯ ಒಂದು ಸಾಲು ಬದಲಿಸಬೇಕೆಂದರೆ, ಕಂಪನಿ ಮಾರುವುದನ್ನು ನಿಲ್ಲಿಸಿರುವ ಹಳೆಯ ಸಿ.ಡಿ. ಯಾರ ಅಟ್ಟದ ಮೇಲಿದೆಯೆಂದು ಹುಡುಕಬೇಕು.